ದಿನನಿತ್ಯ ಕಟ್ಟಲು ಕೈಗೆಟಕುವ ಬೆಲೆಯ ಆಟೋಮ್ಯಾಟಿಕ್ ಫೀಲ್ಡ್ ವಾಚು: ಏನು ನೋಡಿ ಆರಿಸಬೇಕು?

ದಿನಚರಿ

ಇಷ್ಟು ವರ್ಷ ಸೆಲ್ ಹಾಕುವ ವಾಚುಗಳನ್ನೇ ಕಟ್ಟಿಕೊಂಡು ಬಂದಿರುವ ನನಗೆ ಈಗ ಒಂದು ಆಟೋಮ್ಯಾಟಿಕ್ ವಾಚು, ಅಂದರೆ ಸೆಲ್ ಇಲ್ಲದೆ ಕೈಯ ಆಟದಿಂದಲೇ ಕೀ ತುಂಬಿಕೊಂಡು ನಡೆಯುವ ವಾಚು, ಬೇಕೆನಿಸಿದೆ. ಸಂಗ್ರಹ ಮಾಡುವ ಉದ್ದೇಶ ನನಗಿಲ್ಲ. ಇರುವುದು ಒಂದೇ ವಾಚಾಗಿರಬೇಕು, ಬೆಳಗ್ಗೆ ಕಟ್ಟಿದರೆ ರಾತ್ರಿ ಮಲಗುವಾಗ ಬಿಚ್ಚುವಂತಿರಬೇಕು, ಕಚೇರಿಗೂ ಒಪ್ಪಬೇಕು, ಮಳೆಯಲ್ಲಿ ನೆನೆದರೂ ಪಾತ್ರೆ ತೊಳೆದರೂ ಗಾಬರಿಪಡುವಂತಾಗಬಾರದು. ಹುಡುಕುತ್ತ ಹೋದಂತೆ ಫೀಲ್ಡ್ ವಾಚು ಎಂಬ ಬಗೆ ಮನಸ್ಸಿಗೆ ಹಿಡಿಸಿತು: ದೊಡ್ಡ ಅಂಕಿಗಳು, ಹೊಳಪಿಲ್ಲದ ಡಯಲ್, ಅಲಂಕಾರವಿಲ್ಲದ ಕೇಸ್.

ಆದರೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರು ಮೂವ್‌ಮೆಂಟ್ (ವಾಚಿನೊಳಗಿನ ಯಂತ್ರ) ಒಂದನ್ನೇ ನೋಡಿ ಎನ್ನುತ್ತಾರೆ, ಇನ್ನೊಬ್ಬರು ಸಫೈರ್ ಗಾಜಿಲ್ಲದಿದ್ದರೆ ಕೊಳ್ಳಲೇಬೇಡಿ ಎನ್ನುತ್ತಾರೆ. ನನ್ನ ಮಣಿಕಟ್ಟಿನ ಸುತ್ತಳತೆ 15.5 ಸೆಂ.ಮೀ. ದಿನದ ಹೆಚ್ಚಿನ ಹೊತ್ತು ಮೇಜಿನ ಮುಂದೆ ಕೂತು ಮಾಡುವ ಕೆಲಸ. ವಾಚಿನ ಒಳಗನ್ನು ಬಲ್ಲವರು ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಮಣಿಕಟ್ಟು

ದಿನಚರಿಯವರೇ, ಮೂವ್‌ಮೆಂಟಿನ ಬಗ್ಗೆ ಬಲ್ಲವರು ಇಲ್ಲಿದ್ದಾರೆ, ಅವರು ಹೇಳಲಿ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ವಾಚಿನತ್ತ ಒಂದೇ ಸಲ ಕಣ್ಣು ಹಾಯಿಸಿದರೆ ಸಮಯ ತಿಳಿಯುತ್ತದೆಯೇ? ಫೀಲ್ಡ್ ವಾಚು ಹುಟ್ಟಿದ್ದೇ ಇದಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಲ್ಜಿನ್, ವಾಲ್ಥಮ್, ಬುಲೋವಾ ಕಂಪನಿಗಳು ಅಮೆರಿಕದ ಸೇನೆಗೆ ಎ-11 ಎಂಬ ಮಾನದಂಡಕ್ಕೆ ತಕ್ಕಂತೆ ವಾಚುಗಳನ್ನು ಮಾಡಿಕೊಟ್ಟವು. ಕಪ್ಪು ಡಯಲ್, ಅದರ ಮೇಲೆ ಬಿಳಿ ಅಂಕಿಗಳು, ಕ್ರೌನ್ (ಪಕ್ಕದಲ್ಲಿರುವ ಕೀ ಗುಂಡಿ) ಹೊರಗೆಳೆದರೆ ನಿಂತುಬಿಡುವ ಸೆಕೆಂಡ್ ಮುಳ್ಳು ಅದರ ಲಕ್ಷಣಗಳು. ಮುಳ್ಳು ನಿಲ್ಲಬೇಕಾಗಿದ್ದುದು ಹಲವರು ತಮ್ಮ ವಾಚುಗಳನ್ನು ಒಂದೇ ಸೆಕೆಂಡಿಗೆ ಹೊಂದಿಸಿಕೊಂಡು ಹೊರಡಬೇಕಾಗಿದ್ದರಿಂದ. ಬ್ರಿಟನ್ನಿನ ಸೇನೆಗೆ ಒಮೆಗಾ, ಲಾಂಜಿನ್, ಐಡಬ್ಲ್ಯುಸಿ, ವರ್ಟೆಕ್ಸ್ ಸೇರಿ ಹನ್ನೆರಡು ಕಂಪನಿಗಳು ಒಂದೇ ನಿಯಮದಡಿ ತಯಾರಿಸಿದ ವಾಚುಗಳು 1945ರ ಹೊತ್ತಿಗೆ ಬಂದವು. ಸಂಗ್ರಹಕಾರರು ಅವನ್ನೇ ಈಗ ಡರ್ಟಿ ಡಜನ್ ಎಂದು ಕರೆಯುವುದು. ಅಮೆರಿಕದಲ್ಲಿ 1964ರಲ್ಲಿ ಮಿಲ್-ಡಬ್ಲ್ಯು-46374 ಎಂಬ ಮಾನದಂಡ ಬಂತು. ಇಂದು ಮಾರುಕಟ್ಟೆಯಲ್ಲಿ ಫೀಲ್ಡ್ ವಾಚು ಎಂದು ಕಾಣುವ ಬಹುಪಾಲು ಡಯಲ್‌ಗಳ ಮಾದರಿ, ಅಂದರೆ ಹೊರಗೆ 1ರಿಂದ 12, ಅದರೊಳಗೆ ಸಣ್ಣಗೆ 13ರಿಂದ 24, ಆ ಕಾಲದ ಸೇನಾ ವಾಚುಗಳಿಂದಲೇ ಬಂದದ್ದು.

ಇವುಗಳಲ್ಲಿ ಬಹುತೇಕ ಎಲ್ಲವೂ ಕೈಯಿಂದ ಕೀ ಕೊಡುವ ವಾಚುಗಳು ಎಂಬುದನ್ನೂ, ಎ-11ರ ಕೇಸ್ ಸುಮಾರು 32 ಮಿ.ಮೀ. ಮಾತ್ರ ಇತ್ತು ಎಂಬುದನ್ನೂ ನೆನಪಿಡಿ. ದೊಡ್ಡ ವಾಚೇ ಗಟ್ಟಿ ವಾಚು ಎಂಬ ಎಣಿಕೆಗೆ ಫೀಲ್ಡ್ ವಾಚಿನ ಚರಿತ್ರೆಯಲ್ಲಿ ಆಧಾರವಿಲ್ಲ. ನಿಮ್ಮ ಮಣಿಕಟ್ಟಿಗೆ ಕೇಸಿನ ಅಗಲಕ್ಕಿಂತ ಮುಖ್ಯವಾದ ಅಳತೆ ಲಗ್‌ನಿಂದ ಲಗ್‌ಗೆ ಇರುವ ಉದ್ದ, ಅಂದರೆ ಮೇಲಿನ ಬೆಲ್ಟು ಸಿಕ್ಕಿಸುವ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ದೂರ. ಮಣಿಕಟ್ಟಿನ ಮೇಲ್ಭಾಗದಲ್ಲಿ ಚಪ್ಪಟೆಯಾಗಿರುವ ಜಾಗವನ್ನು ಸ್ಕೇಲಿಟ್ಟು ಅಳೆಯಿರಿ. ಲಗ್‌ಗಳ ಉದ್ದ ಅದನ್ನು ಮೀರಿದರೆ ವಾಚಿನ ತುದಿಗಳು ಕೈಯಿಂದಾಚೆ ಚಾಚಿಕೊಂಡು ಬಾಗಿಲಿಗೆ, ಮೇಜಿನ ಅಂಚಿಗೆ ತಾಗುತ್ತಲೇ ಇರುತ್ತವೆ. ಚಂದ ಆಮೇಲಿನ ಮಾತು, ತಾಗುವ ವಾಚು ಬೇಗ ಹಾಳಾಗುತ್ತದೆ.

ಇನ್ನು ಮುಳ್ಳುಗಳನ್ನು ಗಮನಿಸಿ. ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟುವಷ್ಟು ಉದ್ದವಿರಬೇಕು, ಗಂಟೆಯ ಮುಳ್ಳಿಗೂ ಅದಕ್ಕೂ ಆಕಾರದಲ್ಲೋ ಉದ್ದದಲ್ಲೋ ಸ್ಪಷ್ಟ ವ್ಯತ್ಯಾಸವಿರಬೇಕು. ಚಿತ್ರದಲ್ಲಿ ಸೊಗಸಾಗಿ ಕಾಣುವ ಎಷ್ಟೋ ಅಗ್ಗದ ಫೀಲ್ಡ್ ವಾಚುಗಳಲ್ಲಿ ಬೇರೆ ಡಯಲ್‌ಗೆಂದು ಮಾಡಿದ ಗಿಡ್ಡ ಮುಳ್ಳುಗಳನ್ನೇ ತಂದು ಕೂರಿಸಿರುತ್ತಾರೆ. ಅಂಥದ್ದರಲ್ಲಿ ಒಂಬತ್ತು ಮುಕ್ಕಾಲು ಎಂದು ತಿಳಿಯುತ್ತದೆಯೇ ಹೊರತು ನಲವತ್ತಾರೋ ನಲವತ್ತೇಳೋ ತಿಳಿಯುವುದಿಲ್ಲ.

ಲೋಲಕ

ಮಣಿಕಟ್ಟು ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೂವ್‌ಮೆಂಟ್ ವಿಷಯಕ್ಕೆ ಬರುತ್ತೇನೆ. ಕೈಗೆಟಕುವ ಬೆಲೆಯಲ್ಲಿ ನಿಮಗೆ ಎದುರಾಗುವುದು ಹೆಚ್ಚುಕಡಿಮೆ ಮೂರು ಮನೆತನಗಳು: ಸೀಕೋದ 7ಎಸ್26 ಮತ್ತು ಅದರ ಮುಂದಿನ ಪೀಳಿಗೆಯ 4ಆರ್36, ಸಿಟಿಜನ್ ಬಳಗದ ಮಿಯೋಟಾ 8215 ಮತ್ತು ಅದರ ಸೋದರರು, ಸ್ವಲ್ಪ ಮೇಲಿನ ಬೆಲೆಗೆ ಹೋದರೆ ಹ್ಯಾಮಿಲ್ಟನ್ ಬಳಸುವ ಎಚ್-10.

ಸೀಕೋ 5 ಎಂಬ ಹೆಸರು 1963ರಲ್ಲಿ ಬಂದಾಗ ಅದರ ಐದು ಭರವಸೆಗಳು ಇವು: ತಾನೇ ಕೀ ತುಂಬಿಕೊಳ್ಳುವುದು, ವಾರ ಮತ್ತು ತಾರೀಖು ಒಂದೇ ಕಿಂಡಿಯಲ್ಲಿರುವುದು, ನೀರು ತಡೆಯುವುದು, ಕ್ರೌನ್ 4 ಗಂಟೆಯ ಜಾಗದಲ್ಲಿ ಒಳಸೇರಿರುವುದು, ಕೇಸ್ ಮತ್ತು ಚೈನ್ ಗಟ್ಟಿಯಾಗಿರುವುದು. ಆ ಐದನ್ನು ಓದಿದರೆ ಅದು ದಿನಬಳಕೆಯ ವಾಚಿನ ವ್ಯಾಖ್ಯೆಯೇ ಆಗಿದೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಅದರೊಳಗಿನ ಜಾಣತನವೆಂದರೆ ಸೀಕೋ 1959ರಲ್ಲಿ ಹೊರತಂದ ಮ್ಯಾಜಿಕ್ ಲಿವರ್. ಕೈ ಆಡಿದಂತೆ ಅರ್ಧಚಂದ್ರಾಕಾರದ ರೋಟರ್ ಅತ್ತಿತ್ತ ತಿರುಗುತ್ತದೆ. ಅದಕ್ಕೆ ಹೊಂದಿಕೊಂಡ, ಎರಡು ಕಾಲುಗಳಿರುವ ಸಣ್ಣ ಸನ್ನೆಯೊಂದು ಹಲ್ಲಿನ ಚಕ್ರವನ್ನು ಒಂದು ಕಾಲಿನಿಂದ ತಳ್ಳುತ್ತದೆ, ಇನ್ನೊಂದರಿಂದ ಎಳೆಯುತ್ತದೆ. ಹೀಗಾಗಿ ರೋಟರ್ ಎತ್ತ ತಿರುಗಿದರೂ ಸ್ಪ್ರಿಂಗ್ ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ಬಿಡಿಭಾಗಗಳು ಕಡಿಮೆ, ಸವೆಯುವುದೂ ಕಡಿಮೆ. ಹಿಂಬದಿಗೆ ಗಾಜಿರುವ ವಾಚಾದರೆ ರೋಟರ್ ಪಕ್ಕಕ್ಕೆ ಸರಿದಾಗ ಈ ಲಿವರ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು.

7ಎಸ್26ಕ್ಕೆ ಎರಡು ಕೊರತೆಗಳಿದ್ದವು. ಕ್ರೌನ್ ತಿರುಗಿಸಿ ಕೀ ಕೊಡಲಾಗುತ್ತಿರಲಿಲ್ಲ, ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತಿರಲಿಲ್ಲ. 37 ಮಿ.ಮೀ.ಯ ಎಸ್‌ಎನ್‌ಕೆ809 ಎಂಬ ವಾಚಿನ ಮೂಲಕ ಬಹಳಷ್ಟು ಜನ ಈ ಹವ್ಯಾಸಕ್ಕೆ ಬಂದರು. ಅದರಲ್ಲಿದ್ದುದು ಇದೇ ಮೂವ್‌ಮೆಂಟ್. ಈಗ ಅದರ ತಯಾರಿಕೆ ನಿಂತಿದೆ, ಆದ್ದರಿಂದ ಅದನ್ನು ಹುಡುಕಿ ಹೆಚ್ಚು ಹಣ ತೆರುವುದು ಬೇಡ. 4ಆರ್36ರಲ್ಲಿ ಆ ಎರಡೂ ಕೊರತೆ ನೀಗಿವೆ, ಪೂರ್ತಿ ಕೀ ತುಂಬಿದರೆ ಸುಮಾರು 41 ಗಂಟೆ ನಡೆಯುತ್ತದೆ. ಇದೇ ಯಂತ್ರವನ್ನು ಎನ್‌ಎಚ್35, ಎನ್‌ಎಚ್36 ಎಂಬ ಹೆಸರಿನಲ್ಲಿ ಬೇರೆ ಕಂಪನಿಗಳಿಗೂ ಮಾರುತ್ತಾರೆ. ಮೊದಲನೆಯದರಲ್ಲಿ ತಾರೀಖು ಮಾತ್ರ, ಎರಡನೆಯದರಲ್ಲಿ ವಾರವೂ ಇದೆ.

ಮಿಯೋಟಾ 8215 ಗಟ್ಟಿಮುಟ್ಟಾದ ಯಂತ್ರ, 1970ರ ದಶಕದಿಂದ ನಡೆದುಬಂದದ್ದು. ಆದರೆ ಅದರ ರೋಟರ್ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಕೀ ತುಂಬುತ್ತದೆ, ಇನ್ನೊಂದು ದಿಕ್ಕಿಗೆ ಬಿಡುವಾಗಿ ಗಿರ್ರನೆ ಸುತ್ತುತ್ತದೆ. ಕೈ ಜಾಡಿಸಿದರೆ ಮಣಿಕಟ್ಟಿಗೆ ಆ ಅದುರು ತಿಳಿಯುತ್ತದೆ, ನಿಶ್ಶಬ್ದವಾದ ಕೋಣೆಯಲ್ಲಿ ಸದ್ದೂ ಕೇಳಿಸುತ್ತದೆ. ಸೆಕೆಂಡ್ ಮುಳ್ಳು ನೇರವಾಗಿ ಚಕ್ರಸರಣಿಯಲ್ಲಿರದ ಕಾರಣ ಕೆಲವೊಮ್ಮೆ ಒಂದು ಕ್ಷಣ ತಡವರಿಸಿ ಮುಂದಕ್ಕೆ ಜಿಗಿಯುವುದೂ ಉಂಟು. ಅದು ಕೆಟ್ಟಿರುವುದರ ಗುರುತಲ್ಲ, ಅದರ ರಚನೆಯೇ ಹಾಗೆ. ಹಳೆಯ 8215ಗಳಲ್ಲಿ ಸೆಕೆಂಡ್ ಮುಳ್ಳು ನಿಲ್ಲಿಸುವ ಸೌಲಭ್ಯ ಇರಲಿಲ್ಲ, ಕೊಳ್ಳುವಾಗ ವಿಚಾರಿಸಿ. ಮಿಯೋಟಾದ್ದೇ 9015 ಇದಕ್ಕಿಂತ ತೆಳುವಾದ, ಗಂಟೆಗೆ 28,800 ಬಡಿತದ ಬೇರೆಯೇ ದರ್ಜೆಯ ಯಂತ್ರ, ಬೆಲೆಯೂ ಹಾಗೆಯೇ.

ಇನ್ನೊಂದು ಸಣ್ಣ ವಿಷಯ ಹೇಳಲೇಬೇಕು. ತಾರೀಖಿನ ಕಿಂಡಿಯೇ ಇಲ್ಲದ ಡಯಲ್‌ನ ಕೆಳಗೆ ಎನ್‌ಎಚ್35 ಹಾಕಿರುವ ವಾಚುಗಳಿವೆ. ಕ್ರೌನ್ ಅನ್ನು ಮೊದಲ ಹಂತಕ್ಕೆ ಎಳೆದು ತಿರುಗಿಸಿದರೆ ಡಯಲ್‌ನ ಹಿಂದೆ ಕಾಣದ ತಾರೀಖಿನ ಚಕ್ರ ಟಕ್ ಟಕ್ ಎಂದು ಹೊರಳುವುದು ಬೆರಳಿಗೆ ಗೊತ್ತಾಗುತ್ತದೆ. ಇದರಿಂದ ಹಾನಿಯೇನೂ ಇಲ್ಲ. ಆದರೆ ತಾರೀಖಿಲ್ಲದ ಎನ್‌ಎಚ್38 ಎಂಬುದು ಲಭ್ಯವಿರುವಾಗ ಹಾಗೆ ಮಾಡಿದವರು ಬೇರೆಲ್ಲಿ ಉಳಿತಾಯ ಮಾಡಿದ್ದಾರೋ ಎಂದು ನಾನು ಎರಡು ಸಲ ನೋಡುತ್ತೇನೆ.

ದಿನಚರಿ

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಧನ್ಯವಾದಗಳು. ಚಪ್ಪಟೆ ಜಾಗವನ್ನು ಅಳೆದೆ, 48 ಮಿ.ಮೀ. ಇದೆ. ಹಾಗಾದರೆ 42 ಮಿ.ಮೀ.ಯ ವಾಚುಗಳನ್ನು ಬಹುತೇಕ ಕೈಬಿಡಬೇಕೆಂದು ತಿಳಿಯುತ್ತೇನೆ.

ಈಗ ನಿಖರತೆಯ ಪ್ರಶ್ನೆ. 4ಆರ್36ರ ವಿವರಣೆಯಲ್ಲಿ ದಿನಕ್ಕೆ 45 ಸೆಕೆಂಡ್ ಮುಂದೆ ಅಥವಾ 35 ಸೆಕೆಂಡ್ ಹಿಂದೆ ಎಂದು ಬರೆದಿರುವುದನ್ನು ನೋಡಿ ನಿಜಕ್ಕೂ ಬೆಚ್ಚಿದೆ. ಸೆಲ್ ವಾಚಿನಲ್ಲಿ ತಿಂಗಳಿಗೆ ಅಷ್ಟು ವ್ಯತ್ಯಾಸ ಬಂದರೂ ನಾವು ಅದನ್ನು ರಿಪೇರಿಗೆ ಕೊಡುತ್ತೇವಲ್ಲವೇ? ದಿನಬಳಕೆಗೆ ಇದನ್ನು ನಂಬುವುದು ಹೇಗೆ?

ನಿಧಾನಗತಿ

ಆ ಅಂಕಿಗಳು ಕಂಪನಿ ಒಪ್ಪಿಕೊಳ್ಳುವ ಗಡಿ, ನಿಮ್ಮ ವಾಚು ನಡೆಯುವ ರೀತಿಯಲ್ಲ. ದಿನವೊಂದರಲ್ಲಿ 86,400 ಸೆಕೆಂಡುಗಳಿವೆ. 20 ಸೆಕೆಂಡ್ ಹೆಚ್ಚು ಕಡಿಮೆಯಾದರೂ ಅದು ಶೇಕಡಾ 0.023ರಷ್ಟು ಮಾತ್ರ. ಸ್ಪ್ರಿಂಗು, ಚಕ್ರ, ಎಣ್ಣೆಯ ಹನಿಗಳಿಂದಷ್ಟೇ ನಡೆಯುವ ಯಂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ. ಹಾಗೆಂದು ನಿಮ್ಮ ಆತಂಕ ಸುಳ್ಳೂ ಅಲ್ಲ: ದಿನಕ್ಕೆ 20 ಸೆಕೆಂಡ್ ಮುಂದೆ ಓಡುವ ವಾಚು ತಿಂಗಳಿಗೆ 10 ನಿಮಿಷ ಮುಂದಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸಮಯ ಹೊಂದಿಸುವುದನ್ನು ರೂಢಿ ಮಾಡಿಕೊಳ್ಳಬೇಕಾಗುತ್ತದೆ. ಅದು ತೊಡಕೆನಿಸಿದರೆ ಆಟೋಮ್ಯಾಟಿಕ್ ನಿಮಗೆ ಒಗ್ಗುವುದಿಲ್ಲ, ಸೌರಶಕ್ತಿಯ ಸೆಲ್ ವಾಚನ್ನೇ ಕೊಳ್ಳಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಒಗ್ಗುತ್ತದೆ ಎಂದಾದರೆ ತಿಳಿದಿರಬೇಕಾದ ಸಂಗತಿ ಇದು. ವಾಚು ಇರುವ ಭಂಗಿಗೆ ತಕ್ಕಂತೆ ಅದರ ನಡಿಗೆ ಬದಲಾಗುತ್ತದೆ. ಡಯಲ್ ಮೇಲಾಗಿ ಮಲಗಿಸಿದಾಗ, ಅತ್ತಿತ್ತ ತೂಗುತ್ತ ವಾಚಿನ ವೇಗ ನಿರ್ಧರಿಸುವ ಬ್ಯಾಲೆನ್ಸ್ ಚಕ್ರದ ಅಚ್ಚು ತನ್ನ ತುದಿಯ ಮೇಲಷ್ಟೇ ನಿಂತು ತಿರುಗುತ್ತದೆ, ಘರ್ಷಣೆ ಕಡಿಮೆ. ಕ್ರೌನ್ ಮೇಲಾಗಿಯೋ ಕೆಳಗಾಗಿಯೋ ನಿಲ್ಲಿಸಿದಾಗ ಅಚ್ಚಿನ ಪಕ್ಕಗಳು ಅದು ಕೂರುವ ರತ್ನದ ರಂಧ್ರಕ್ಕೆ ಒರೆಸಿಕೊಳ್ಳುತ್ತವೆ, ಚಕ್ರದ ತೂಗಾಟದ ವಿಸ್ತಾರ ಕುಗ್ಗುತ್ತದೆ, ವೇಗದಲ್ಲಿ ವ್ಯತ್ಯಾಸವಾಗುತ್ತದೆ. ಇದನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು. ಹಗಲೆಲ್ಲ ಕೈಯಲ್ಲಿದ್ದು ಮುಂದೆ ಓಡಿದ ವಾಚನ್ನು ರಾತ್ರಿ ಒಂದೊಂದು ಭಂಗಿಯಲ್ಲಿ ಇಟ್ಟು ನೋಡಿ, ಯಾವ ಭಂಗಿಯಲ್ಲಿ ಹಿಂದೆ ಬೀಳುತ್ತದೆಂದು ಗುರುತಿಸಿಕೊಂಡು ಹಾಗೆಯೇ ಇಡುತ್ತ ಬಂದರೆ ಹಗಲಿನ ಹೆಚ್ಚಳ ರಾತ್ರಿ ಸರಿದೂಗುತ್ತದೆ. ಯಾವ ಭಂಗಿ ಎಂಬುದು ಪ್ರತಿ ವಾಚಿಗೂ ಬೇರೆ, ನೋಡಿಯೇ ತಿಳಿಯಬೇಕು.

ಅದರಾಚೆಗೆ ವಾಚ್ ರಿಪೇರಿ ಬಲ್ಲವರ ಬಳಿ ಟೈಮ್‌ಗ್ರಾಫರ್ ಎಂಬ ಉಪಕರಣವಿರುತ್ತದೆ. ವಾಚಿನ ಟಿಕ್‌ಟಿಕ್ ಸದ್ದನ್ನು ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ವ್ಯತ್ಯಾಸ, ತೂಗಾಟ ಎಷ್ಟು ಡಿಗ್ರಿ, ಎರಡು ಬದಿಯ ಬಡಿತ ಸಮವಾಗಿದೆಯೇ ಎಂದು ಅದು ತೆರೆಯ ಮೇಲೆ ತೋರಿಸುತ್ತದೆ. 4ಆರ್ ಬಳಗದಲ್ಲಿ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿಯ) ಪಕ್ಕದ ಸಣ್ಣ ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿದರೆ ವೇಗ ಬದಲಾಗುತ್ತದೆ. ಯಂತ್ರ ಆರೋಗ್ಯವಾಗಿದ್ದರೆ, ನುರಿತ ಕೈ ಅದನ್ನು ದಿನಕ್ಕೆ ಹತ್ತು ಸೆಕೆಂಡಿನೊಳಗೆ ತರುವುದು ಅಪರೂಪವಲ್ಲ. ಹೊಸ ವಾಚಾದರೆ ಮೊದಲ ಕೆಲವು ವಾರ ಹಾಗೆಯೇ ಕಟ್ಟಿ, ಆಮೇಲೆ ತೋರಿಸಿ. ವಾರಂಟಿ ಇರುವಾಗ ಹಿಂಬದಿಯನ್ನು ಹೊರಗೆ ತೆಗೆಸಬೇಡಿ.

ಒಂದು ದಿನ ಇದ್ದಕ್ಕಿದ್ದಂತೆ ವಾಚು ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮೊದಲು ಶಂಕಿಸಬೇಕಾದದ್ದು ಅಯಸ್ಕಾಂತವನ್ನು. ಹೇರ್‌ಸ್ಪ್ರಿಂಗಿನ ಸುರುಳಿಗಳಿಗೆ ಕಾಂತಶಕ್ತಿ ಹತ್ತಿದರೆ ಅವು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗು ಗಿಡ್ಡವಾದಂತೆ ವರ್ತಿಸುತ್ತದೆ. ಟ್ಯಾಬ್ಲೆಟ್ಟಿನ ಮುಚ್ಚಳ, ಲ್ಯಾಪ್‌ಟಾಪಿನ ಅಂಚು, ಸ್ಪೀಕರು, ಕೈಚೀಲದ ಕಾಂತದ ಗುಂಡಿ ಇವೆಲ್ಲ ಕಾರಣವಾಗಬಲ್ಲವು. ನೀವು ಮೇಜಿನ ಮುಂದೆ ಕೂರುವವರಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಾಂತ ತೆಗೆಯುವ ಉಪಕರಣ ದುಬಾರಿಯಲ್ಲ, ಕೆಲಸವೂ ಕ್ಷಣಮಾತ್ರದ್ದು, ವಾಚು ಬಿಚ್ಚಬೇಕಾಗಿಯೂ ಇಲ್ಲ.

ತಿರುಪುಳಿ

ಇಲ್ಲಿಯವರೆಗಿನ ಮಾತುಗಳನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಒಂದೇ ವಾಚು ಎಂದು ನಿರ್ಧರಿಸಿದವರು ಇನ್ನಷ್ಟು ಕಾಲ ಹಣ ಕೂಡಿಟ್ಟು ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಆಟೋಮ್ಯಾಟಿಕ್‌ನ 38 ಮಿ.ಮೀ. ಮಾದರಿಯನ್ನೇ ಕೊಳ್ಳುವುದು ಮೇಲು. ಅದರಲ್ಲಿರುವ ಎಚ್-10 ಯಂತ್ರ 80 ಗಂಟೆ ನಡೆಯುತ್ತದೆ. ಶುಕ್ರವಾರ ಸಂಜೆ ಏಳಕ್ಕೆ ಬಿಚ್ಚಿಟ್ಟ ಸೀಕೋ ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಿಂತಿರುತ್ತದೆ. ಇದು ಸೋಮವಾರ ಬೆಳಗ್ಗೆ ಕಟ್ಟುವಾಗಲೂ ನಡೆಯುತ್ತಲೇ ಇರುತ್ತದೆ. ಸಫೈರ್ ಗಾಜಿದೆ. ಇತ್ತೀಚಿನ ಎಚ್-10ಗಳಲ್ಲಿ ನಿವಾಕ್ರಾನ್ ಎಂಬ ಮಿಶ್ರಲೋಹದ ಹೇರ್‌ಸ್ಪ್ರಿಂಗ್ ಇರುವುದರಿಂದ ನಿಧಾನಗತಿಯವರು ಹೇಳಿದ ಅಯಸ್ಕಾಂತದ ಕಾಟವೂ ಬಹುಮಟ್ಟಿಗೆ ತಪ್ಪುತ್ತದೆ. 1892ರಲ್ಲಿ ಅಮೆರಿಕದ ಲ್ಯಾಂಕಾಸ್ಟರ್‌ನಲ್ಲಿ ಆರಂಭವಾಗಿ, ಅಲ್ಲಿನ ಸೇನೆಗೆ ವಾಚು ಕೊಟ್ಟ ಕಂಪನಿಯಿದು. ಈಗ ಸ್ವಿಸ್ ಬಳಗಕ್ಕೆ ಸೇರಿದ್ದರೂ ಡಯಲ್‌ನಲ್ಲಿ ಆ ಪರಂಪರೆ ಉಳಿದಿದೆ.

ಗಾಜಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರಳು, ಧೂಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾನದಲ್ಲಿ 7. ಸಫೈರ್ 9, ಮಿನರಲ್ ಎಂದು ಕರೆಯುವ ಸಾಮಾನ್ಯ ಗಾಜು 7ಕ್ಕಿಂತ ಕೆಳಗೆ. ಗೋಡೆಗೆ ಒರೆಸಿದರೆ, ಧೂಳು ಹಿಡಿದ ಗಾಜನ್ನು ಬಟ್ಟೆಯಿಂದ ತಿಕ್ಕಿದರೆ ಮಿನರಲ್ ಗಾಜಿಗೆ ಗೀರು ಬಿದ್ದೇ ಬೀಳುತ್ತದೆ. ಸೀಕೋದ ಹಾರ್ಡ್‌ಲೆಕ್ಸ್ ಸಾಮಾನ್ಯ ಮಿನರಲ್‌ಗಿಂತ ಗಟ್ಟಿ, ಆದರೆ ಸಫೈರ್‌ಗೆ ಸಮನಲ್ಲ.

ಲೋಲಕ

ತಿರುಪುಳಿಯವರೇ, ಹ್ಯಾಮಿಲ್ಟನ್ ಒಳ್ಳೆಯ ವಾಚೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿದವರು ಪಾತ್ರೆ ತೊಳೆಯುವಾಗಲೂ ಗಾಬರಿಯಾಗಬಾರದು ಎಂದಿದ್ದಾರೆ. ಗಾಬರಿಯಿಲ್ಲದೆ ಕಟ್ಟುವುದಕ್ಕೆ ವಾಚಿನ ಗಟ್ಟಿತನ ಎಷ್ಟು ಬೇಕೋ, ಕೆಟ್ಟರೆ ಏನು ಗತಿ ಎಂಬ ಪ್ರಶ್ನೆಗೆ ಹಗುರವಾದ ಉತ್ತರವಿರುವುದೂ ಅಷ್ಟೇ ಬೇಕು. 80 ಗಂಟೆ ನಡೆಯುವಂತೆ ಮಾಡಲು ಎಚ್-10ರ ಬಡಿತವನ್ನು ಗಂಟೆಗೆ 28,800ರಿಂದ 21,600ಕ್ಕೆ ಇಳಿಸಿದ್ದಾರೆ, ಅಂದರೆ ಮುಳ್ಳು ಸೆಕೆಂಡಿಗೆ ಆರು ಹೆಜ್ಜೆ ಇಡುತ್ತದೆ, ಸೀಕೋದ ಹಾಗೆಯೇ. ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಹೊಂದಿಸುವ ಕ್ರಮ ಬೇರೆ, ಬಹುಪಾಲು ಅದು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಹೋಗಬೇಕಾದ ಯಂತ್ರ. ಎನ್‌ಎಚ್35 ಹಾಗಲ್ಲ. ವರ್ಷಗಳ ಬಳಿಕ ಎಣ್ಣೆ ಒಣಗಿ ತೊಂದರೆ ಕೊಟ್ಟರೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸುವ ಖರ್ಚಿಗಿಂತ ಹೊಸ ಮೂವ್‌ಮೆಂಟನ್ನೇ ತಂದು ಕೂರಿಸುವುದು ಅಗ್ಗವಾಗುವಷ್ಟು ಅದು ಹೇರಳವಾಗಿ ಸಿಗುತ್ತದೆ. ಅದನ್ನು ಬಿಚ್ಚಿ ಕಟ್ಟಿದ ಕೈಗಳೂ ಎಲ್ಲೆಡೆ ಇವೆ.

ಗಾಜಿನ ವಿಷಯದಲ್ಲಿ ನೀವು ಹೇಳಿದ ಅಂಕಿಗಳು ಸರಿ, ಆದರೆ ಅರ್ಧ ಮಾತು ಉಳಿಯಿತು. ಗಡಸಾದದ್ದು ಗೀರು ತಡೆಯುತ್ತದೆ, ಪೆಟ್ಟು ತಡೆಯುತ್ತದೆಂದಲ್ಲ. ಸಫೈರ್ ಅಂಚಿಗೆ ಸರಿಯಾಗಿ ಏಟು ಬಿದ್ದರೆ ಚಕ್ಕೆ ಏಳುತ್ತದೆ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಜೊತೆಗೆ ಸಫೈರ್ ಬೆಳಕನ್ನು ಮಿನರಲ್‌ಗಿಂತ ಹೆಚ್ಚು ಪ್ರತಿಫಲಿಸುತ್ತದೆ. ಒಳಬದಿಗೆ ಪ್ರತಿಫಲನ ತಡೆಯುವ ಲೇಪವಿಲ್ಲದ ಅಗ್ಗದ ಸಫೈರ್ ಇದ್ದರೆ ಬಿಸಿಲಿನಲ್ಲಿ ಡಯಲ್ ಬದಲು ಆಕಾಶವೇ ಕಾಣುತ್ತದೆ. ಫೀಲ್ಡ್ ವಾಚಿನ ಮೊದಲ ಗುಣವೇ ಅಲ್ಲಿ ಸೋಲುತ್ತದೆ. ಗೀರು ಬಿದ್ದ ಹಾರ್ಡ್‌ಲೆಕ್ಸನ್ನು ಮುಂದೊಂದು ದಿನ ಬದಲಿಸಬಹುದು. ಒಳ್ಳೆಯ ಲೇಪವಿರುವ ಸಫೈರ್ ಸಿಕ್ಕರೆ ಸಂತೋಷ, ಇಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ವಾಚನ್ನು ಕೈಬಿಡಬೇಡಿ.

ಮಣಿಕಟ್ಟು

ನೀರಿನ ಮಾತು ಯಾರೂ ಎತ್ತಲಿಲ್ಲ, ಕೇಳಿದವರ ಅಗತ್ಯದಲ್ಲಿ ಅದು ಮೊದಲ ಸಾಲಿನಲ್ಲಿದೆ. 30 ಮೀಟರ್ ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದು ಅರ್ಥವಲ್ಲ. ಅದು ಪ್ರಯೋಗಾಲಯದಲ್ಲಿ ಅಲುಗಾಡದ ನೀರಿನ ಒತ್ತಡದ ಲೆಕ್ಕ. ಬಳಕೆಯಲ್ಲಿ ಅದನ್ನು ತುಂತುರು ಮಳೆ, ಕೈ ತೊಳೆಯುವಾಗಿನ ಸಿಡಿತ ಎಂದಷ್ಟೇ ಓದಿಕೊಳ್ಳಬೇಕು. ನಿಮ್ಮ ಬಳಕೆಗೆ 100 ಮೀಟರ್ ಇರುವುದನ್ನೇ ಆರಿಸಿ. ಸೀಕೋ 5 ಸ್ಪೋರ್ಟ್ಸ್ ಬಳಗದಲ್ಲಿ ಅಷ್ಟಿದೆ. ಹ್ಯಾಮಿಲ್ಟನ್‌ನವರ ಕೀ ಕೊಡುವ ಖಾಕಿ ಫೀಲ್ಡ್ ಮೆಕ್ಯಾನಿಕಲ್‌ನಲ್ಲಿ 50 ಮೀಟರ್ ಮಾತ್ರ. ನೋಡಲು ಎರಡು ಖಾಕಿಗಳೂ ಒಂದೇ ರೀತಿ ಇರುವುದರಿಂದ ಬಹಳ ಜನ ಒಂದೆಂದು ತಿಳಿದು ಇನ್ನೊಂದನ್ನು ಕೊಳ್ಳುತ್ತಾರೆ.

ಬಿಸಿನೀರಿನ ಸ್ನಾನಕ್ಕೆ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬೇಡಿ. ಆವಿ ಮತ್ತು ಸೋಪು, ನೀರು ಒಳಬಾರದಂತೆ ತಡೆಯುವ ರಬ್ಬರಿನ ಗ್ಯಾಸ್ಕೆಟ್‌ಗಳ ಆಯುಸ್ಸು ಕಡಿಮೆ ಮಾಡುತ್ತವೆ. ಆ ಗ್ಯಾಸ್ಕೆಟ್‌ಗಳು ಹಳತಾದಂತೆ ಗಟ್ಟಿಯಾಗಿ ಬಿರಿಯುತ್ತವೆ. ಯಾವ ಕಾರಣಕ್ಕೆ ಹಿಂಬದಿ ತೆರೆಸಿದರೂ ಗ್ಯಾಸ್ಕೆಟ್ ನೋಡಿಸಿ, ನೀರಿನ ಒತ್ತಡ ಪರೀಕ್ಷೆ ಮಾಡಿಸಿಕೊಂಡೇ ವಾಪಸ್ ಪಡೆಯಿರಿ. ಸೆಲ್ ವಾಚಿನಲ್ಲಿ ನೀರು ಹೊಕ್ಕರೆ ಒಂದು ಸರ್ಕ್ಯೂಟ್ ಹೋಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ತುಕ್ಕು ಪ್ರತಿ ಅಚ್ಚಿಗೂ ಪ್ರತಿ ತಿರುಪಿಗೂ ಹಬ್ಬುತ್ತದೆ.

ಕತ್ತಲಲ್ಲಿ ಹೊಳೆಯುವ ಲೇಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂದೆ ರೇಡಿಯಂ, ಆಮೇಲೆ ಟ್ರಿಟಿಯಂ ಬಳಸುತ್ತಿದ್ದರು. ಈಗಿನದು ಬೆಳಕನ್ನು ಹೀರಿ ಹೊರಸೂಸುವ, ವಿಕಿರಣವಿಲ್ಲದ ವಸ್ತು. ಮುಳ್ಳುಗಳ ಮೇಲೆ ಅದು ದಪ್ಪವಾಗಿದೆಯೇ ನೋಡಿ, ಅಂಕಿಗಳ ಮೇಲೆ ಇಲ್ಲದಿದ್ದರೂ ನಡೆಯುತ್ತದೆ.

ದಿನಚರಿ

ಎಲ್ಲವನ್ನೂ ಎರಡು ಬಾರಿ ಓದಿದೆ. ಈಗ ನನ್ನ ಮುಂದೆ ಮೂರು ಉಳಿದಿವೆ: ಸೀಕೋ 5 ಸ್ಪೋರ್ಟ್ಸ್ ಫೀಲ್ಡ್‌ನ 39.4 ಮಿ.ಮೀ. ಮಾದರಿ, ಅದರದ್ದೇ 36 ಮಿ.ಮೀ. ಚಿಲ್ಲರೆಯ ಸಣ್ಣ ಮಾದರಿ, ಮತ್ತು ತಿರುಪುಳಿಯವರು ಹೇಳಿದ ಹ್ಯಾಮಿಲ್ಟನ್. ಮನಸ್ಸು 36ರ ಕಡೆಗೆ ವಾಲುತ್ತಿದೆ. ಮೇಜಿನ ಕೆಲಸದಲ್ಲಿ ರೋಟರ್ ಸಾಕಷ್ಟು ತಿರುಗುತ್ತದೆಯೇ ಎಂಬುದೊಂದು ಅನುಮಾನ. ಬೆಲ್ಟು ಯಾವುದು ಹಾಕಬೇಕೆಂಬುದು ಇನ್ನೊಂದು.

ತಿರುಪುಳಿ

ನಿಮ್ಮ 48 ಮಿ.ಮೀ. ಅಳತೆಯನ್ನು ನೋಡಿದ ಮೇಲೆ ನಾನೂ 36ಕ್ಕೇ ಮತ ಹಾಕುತ್ತೇನೆ. 39.4ರ ಲಗ್‌ನಿಂದ ಲಗ್‌ಗೆ 48 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚೇ ಇದೆ, ದಪ್ಪವೂ 13 ಮಿ.ಮೀ. ದಾಟುತ್ತದೆ. ಅಂಗಿಯ ತೋಳಿನ ಗುಂಡಿ ಹಾಕುವವರಿಗೆ ಆ ದಪ್ಪ ದಿನವೂ ಅಡ್ಡಬರುತ್ತದೆ. ಹ್ಯಾಮಿಲ್ಟನ್ ನನಗೆ ಇಷ್ಟವೆಂಬುದು ಬೇರೆ ಮಾತು, ನಿಮ್ಮ ಬಳಕೆಗೆ ಲೋಲಕ ಅವರ ವಾದವೇ ಹೆಚ್ಚು ಹೊಂದುತ್ತದೆ.

ನಿಧಾನಗತಿ

ರೋಟರ್ ಬಗ್ಗೆ: ಮೇಜಿನ ಮುಂದೆ ಕೂತವರ ಕೈ ಅವರು ತಿಳಿದಿರುವಷ್ಟು ಆಡುವುದಿಲ್ಲ. ಟೈಪು ಮಾಡುವಾಗ ಬೆರಳು ಆಡುತ್ತದೆ, ಮಣಿಕಟ್ಟು ಅಲ್ಲ. ಬೆಳಗ್ಗೆ ಕಟ್ಟುವ ಮೊದಲು ಕ್ರೌನನ್ನು ಮೇಲ್ಮುಖವಾಗಿ ಇಪ್ಪತ್ತರಿಂದ ಮೂವತ್ತು ಸುತ್ತು ತಿರುಗಿಸಿ ಕೀ ಕೊಟ್ಟರೆ ಸಾಕು, ಉಳಿದದ್ದನ್ನು ನಡಿಗೆ, ಮೆಟ್ಟಿಲು, ಮನೆಗೆಲಸ ತುಂಬಿಕೊಡುತ್ತವೆ. ಹೆಚ್ಚು ಕೀ ಕೊಟ್ಟರೆ ಸ್ಪ್ರಿಂಗು ತುಂಡಾಗುತ್ತದೆಂಬ ಭಯ ಬೇಡ. ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗಿನ ಹೊರತುದಿ ಅದನ್ನು ಸುತ್ತಿಟ್ಟ ಡಬ್ಬಿಯ ಗೋಡೆಗೆ ಬಂಧಿಯಾಗಿರದೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಪೂರ್ತಿ ತುಂಬಿದ ಮೇಲೆ ಅದು ಜಾರುತ್ತದೆ. ನಿಂತ ವಾಚನ್ನು ಜೋರಾಗಿ ಅಲ್ಲಾಡಿಸಿ ಎಬ್ಬಿಸುವ ಅಭ್ಯಾಸ ಬೇಡ, ಕೀ ಕೊಡುವ ಸೌಲಭ್ಯ ಇರುವುದೇ ಅದಕ್ಕೆ.

ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗಿನ ಹೊತ್ತನ್ನು ವಾಚು ತೋರಿಸುತ್ತಿರುವಾಗ ವಾರವನ್ನೂ ತಾರೀಖನ್ನೂ ಕ್ರೌನ್‌ನಿಂದ ಬದಲಿಸಬೇಡಿ. ಆಗ ತಾರೀಖು ತಿರುಗಿಸುವ ಹಲ್ಲು ಚಕ್ರಕ್ಕೆ ಸಿಕ್ಕಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯಬಹುದು. ನಿಂತುಹೋದ ವಾಚನ್ನು ಹೊಂದಿಸುವಾಗ ಮೊದಲು ಮುಳ್ಳುಗಳನ್ನು ಆರು ಗಂಟೆಯ ಆಸುಪಾಸಿಗೆ ತಂದು, ನಿನ್ನೆಯ ತಾರೀಖಿಟ್ಟು, ಆಮೇಲೆ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸುತ್ತ ಬನ್ನಿ. ತಾರೀಖು ಹೊರಳಿದ್ದು ಕಂಡರೆ ಅಲ್ಲಿ ಮಧ್ಯರಾತ್ರಿ ದಾಟಿತು, ಹಗಲು ರಾತ್ರಿಯ ಗೊಂದಲ ಉಳಿಯುವುದಿಲ್ಲ.

ಮಣಿಕಟ್ಟು

ಬೆಲ್ಟಿನ ವಿಷಯ ನನಗೆ ಬಿಡಿ. 36ರ ಮಾದರಿಗೆ 18 ಮಿ.ಮೀ. ಅಗಲದ್ದು ಹೊಂದುತ್ತದೆ, 39.4ಕ್ಕೆ 20. ನೇಟೋ ಬೆಲ್ಟು ಎಂದು ಕರೆಯುವ ಒಂದೇ ಉದ್ದದ ನೈಲಾನ್ ಪಟ್ಟಿ ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ನಿಗದಿಪಡಿಸಿದ ಮಾದರಿಯಿಂದ ಬಂದದ್ದು. ಅದು ವಾಚಿನ ಕೆಳಗಿನಿಂದ ಹಾದುಹೋಗುವುದರಿಂದ ಒಂದು ಸ್ಪ್ರಿಂಗ್ ಬಾರ್ (ಲಗ್‌ಗಳ ನಡುವೆ ಬೆಲ್ಟು ಹಿಡಿಯುವ ಸಣ್ಣ ಕಡ್ಡಿ) ಕಳಚಿಕೊಂಡರೂ ಇನ್ನೊಂದರ ಆಸರೆಯಲ್ಲಿ ವಾಚು ಕೈಯಲ್ಲೇ ಉಳಿಯುತ್ತದೆ. ಒದ್ದೆಯಾದರೆ ಬೇಗ ಒಣಗುತ್ತದೆ, ತೊಳೆಯಬಹುದು. ಆದರೆ ಪಟ್ಟಿ ಎರಡು ಪದರವಾಗಿ ಕೆಳಗೆ ಸೇರುವುದರಿಂದ ವಾಚು ಮತ್ತಷ್ಟು ಎತ್ತರವಾಗುತ್ತದೆ. ನಿಮ್ಮ ಕೈಗೆ ಒಂದೇ ಪದರ ಹಾದುಹೋಗುವ ಬಗೆಯನ್ನೇ ತೆಗೆದುಕೊಳ್ಳಿ. ನೀರಿನ ಕೆಲಸವಿರುವಾಗ ಚರ್ಮದ ಬೆಲ್ಟು ಬೇಡ, ಬೆವರು ಮತ್ತು ನೀರು ಸೇರಿ ವಾಸನೆ ಬರುತ್ತದೆ, ಹೊಲಿಗೆ ಕೊಳೆಯುತ್ತದೆ. ಕಚೇರಿಗೆ ಮಾತ್ರ ಕಟ್ಟುವ ದಿನಗಳಿಗೆಂದು ಒಂದು ಇಟ್ಟುಕೊಳ್ಳಿ.

ಬೆಲ್ಟು ಬದಲಿಸುವಾಗ ಲಗ್‌ನ ಒಳಮೈಗೆ ಟೇಪು ಅಂಟಿಸಿಕೊಂಡರೆ ಗೀರು ಬೀಳುವುದಿಲ್ಲ. ಹೊಸ ಸ್ಪ್ರಿಂಗ್ ಬಾರ್ ಹಾಕಿದ ಮೇಲೆ ಎರಡೂ ತುದಿ ರಂಧ್ರದಲ್ಲಿ ಕೂತ ಟಿಕ್ ಸದ್ದು ಕೇಳಿದರೂ ಬೆಲ್ಟನ್ನು ಗಟ್ಟಿಯಾಗಿ ಎಳೆದು, ಪಕ್ಕಕ್ಕೆ ತಿರುಚಿ ನೋಡಿ. ಸೀಕೋದ ಕೆಲವು ಹಳೆಯ ಮುಳುಗು ವಾಚುಗಳಿಗೆ ದಪ್ಪ ತುದಿಯ ಬಾರ್‌ಗಳಿರುತ್ತವೆ, ಅವು ಇದಕ್ಕೆ ಹೊಂದುವುದಿಲ್ಲ. ಕೊಳ್ಳುವಾಗ ಅಗಲದ ಜೊತೆ ತುದಿಯ ದಪ್ಪವನ್ನೂ ಕೇಳಿ ತೆಗೆದುಕೊಳ್ಳಿ.

ದಿನಚರಿ

36ರ ಕಪ್ಪು ಡಯಲ್‌ನದ್ದನ್ನೇ ಗೊತ್ತುಮಾಡಿದ್ದೇನೆ, ಜೊತೆಗೆ ಒಂದೇ ಪದರದ 18 ಮಿ.ಮೀ. ನೈಲಾನ್ ಬೆಲ್ಟು. ಮೊದಲ ಕೆಲವು ವಾರ ಪ್ರತಿ ರಾತ್ರಿ ಒಂದೇ ಹೊತ್ತಿಗೆ ವ್ಯತ್ಯಾಸವನ್ನು ಬರೆದಿಟ್ಟು, ಯಾವ ಭಂಗಿಯಲ್ಲಿ ಹೇಗೆ ನಡೆಯಿತೆಂಬುದರೊಂದಿಗೆ ಇಲ್ಲೇ ಹಾಕುತ್ತೇನೆ. ನಿಧಾನಗತಿಯವರು ಆ ಅಂಕಿಗಳನ್ನು ನೋಡಿ ವಾಚನ್ನು ಹೊಂದಿಸಲು ಕೊಡಬೇಕೋ ಬೇಡವೋ ಎಂದು ತಿಳಿಸಬೇಕಾಗಿ ಕೋರುತ್ತೇನೆ.